ಕಳಸ ಹಿಡಿದ ಅತ್ತೆಮಗಳು

ಹೆಣ್ಣು ಯಾವುದು, ಗಂಡು ಯಾವುದು ಎಂದು ಹೇಳುವುದೇ ನನ್ನ ಕೆಲಸ. ಮಾಗಡಿಯ ಹತ್ತಿರ ಒಂದು ಗ್ರೈನೇಜಿನಲ್ಲಿ, ಅಂದರೆ ರೇಷ್ಮೆ ಹುಳುವಿನ ಮೊಟ್ಟೆ ತಯಾರಿಸುವ ಕಡೆ, ಹದಿಮೂರು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಗೂಡಿನ ತುದಿಯನ್ನು ಬ್ಲೇಡಿನಿಂದ ಕತ್ತರಿಸಿ, ಒಳಗೆ ಕೋಶವಾಗಿ ಮಲಗಿದ ಹುಳುವನ್ನು ಅಂಗೈಗೆ ಉದುರಿಸಿಕೊಂಡು, ಬಾಲದ ಕಡೆ ತಿರುಗಿಸಿ ನೋಡಬೇಕು. ಕತ್ತರಿ ಗುರುತಿನಂಥ ಸಣ್ಣ ಗೆರೆ ಇದ್ದರೆ ಹೆಣ್ಣು, ಚುಕ್ಕೆ ಇದ್ದರೆ ಗಂಡು. ಎರಡು ತಳಿ ಬೆರೆಸಿ ಮೊಟ್ಟೆ ಮಾಡುವುದರಿಂದ ಹೆಣ್ಣುಗಂಡು ಮೊದಲೇ ಬೇರೆಯಾಗಬೇಕು. ಹೊಸಬರು ಗಾತ್ರ ನೋಡಿ ಹೇಳಿಬಿಡುತ್ತಾರೆ, ದಪ್ಪಗಿದ್ದರೆ ಹೆಣ್ಣು ಎಂದು. ಅವರ ತಟ್ಟೆಯನ್ನು ನಾನು ಇನ್ನೊಮ್ಮೆ ನೋಡುತ್ತೇನೆ. ಗುರುತು ಸರಿಯಾಗಿ ಕಾಣದ ಕೋಶಗಳು ಬೇರೆ ತಟ್ಟೆಗೆ ಹೋಗುತ್ತವೆ.

ನನಗೆ ಹದಿನಾರು ತುಂಬಿದರೂ ನಾನು ಮೈನೆರೆದಿರಲಿಲ್ಲ. ಓರಗೆಯ ಹುಡುಗಿಯರಿಗೆಲ್ಲ ಒಸಗೆ ಮುಗಿದಿತ್ತು. ನಲ್ಲಿಯ ಹತ್ತಿರ, ಡೇರಿಯ ಹತ್ತಿರ ಹೆಂಗಸರು ಅವ್ವನನ್ನು ಕೇಳುತ್ತಿದ್ದರು. ಅಪ್ಪ ಇಲ್ಲದ ಮನೆ, ಅವ್ವನಿಗೆ ಊರ ಬಾಯಿ ಎಂದರೆ ಹೆದರಿಕೆ. ಒಂದು ಬೆಳಿಗ್ಗೆ ಅವಳು ನನ್ನ ಲಂಗ ಒಗೆದು ಹಿತ್ತಲಲ್ಲಿ ಹರವಿ, ಪಕ್ಕದ ಮನೆಗೆ ಹೋಗಿ ನಾನು ದೊಡ್ಡವಳಾದೆ ಎಂದು ಹೇಳಿ ಬಂದಳು. ಆಮೇಲೆ ನನಗೆ ಹೇಳಿದಳು. ನನಗೆ ಆಶ್ಚರ್ಯವಾದದ್ದು ಸುಳ್ಳಿನಿಂದಲ್ಲ, ಅದು ಎಷ್ಟು ಸಲೀಸಾಗಿ ನಡೆಯಿತು ಎನ್ನುವುದರಿಂದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು.

ಒಸಗೆಯಲ್ಲಿ ಹಸಿರು ಗುಡ್ಲು ಹಾಕುವುದು ಸೋದರಮಾವನ ಹಕ್ಕು. ಅಕ್ಕೂರಿನಿಂದ ಮಾವ, ಎಂದರೆ ಅವ್ವನ ತಮ್ಮ, ತೆಂಗಿನ ಗರಿ, ಹೊಂಗೆ ಸೊಪ್ಪು ಟೆಂಪೋದಲ್ಲಿ ಹೇರಿಕೊಂಡು ಬಂದ. ಜಗುಲಿಯ ಮೂಲೆಯಲ್ಲಿ ಗುಡ್ಲು ಕಟ್ಟಿದ. ಅದರೊಳಗೆ ಒನಕೆ ಅಡ್ಡವಿಟ್ಟು ನನ್ನನ್ನು ಕೂರಿಸಿದರು. ಚಿಗಳಿ, ಕೊಬ್ಬರಿ, ಬೆಲ್ಲ ತಿಂದು ತಿಂದು ನನಗೆ ಹೊಟ್ಟೆ ಕೆಟ್ಟಿತು. ಅವ್ವ ಗುಡ್ಲಿನ ಬಾಯಲ್ಲಿ ಕೂತು ಅಳುತ್ತಿದ್ದಳು. ಮಗಳು ದೊಡ್ಡವಳಾದ ಸಂತೋಷಕ್ಕೆ ಅಳುತ್ತಿದ್ದಾಳೆ ಎಂದುಕೊಂಡು ಉಳಿದ ಹೆಂಗಸರೂ ಒಸಿ ಕಣ್ಣೊರೆಸಿಕೊಂಡರು.

ಇಪ್ಪತ್ತಾದರೂ ಮುಟ್ಟಾಗದಿದ್ದಾಗ ಅವ್ವ ನನ್ನನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ರಾಮನಗರದಲ್ಲಾದರೆ ಯಾರಾದರೂ ಗುರುತಿನವರು ಸಿಕ್ಕಿಬಿಡುತ್ತಾರೆ ಎಂದು. ಸ್ಕ್ಯಾನ್, ರಕ್ತ ಪರೀಕ್ಷೆ ಎಲ್ಲ ಮುಗಿದ ಮೇಲೆ ಡಾಕ್ಟರಮ್ಮ ಕಾಗದದ ಮೇಲೆ ಚಿತ್ರ ಬರೆದು ತಿಳಿಸಿದರು. ನನಗೆ ಗರ್ಭಕೋಶವಿಲ್ಲ. ಕ್ರೋಮೋಸೋಮು ಗಂಡಸರಿಗಿರುವಂತೆ ಒಂದು ಎಕ್ಸ್, ಒಂದು ವೈ. ಆದರೆ ನನ್ನ ಮೈ ಗಂಡಿನ ಹಾರ್ಮೋನಿನ ಮಾತು ಕೇಳುವುದಿಲ್ಲ, ಅದಕ್ಕೇ ಹುಟ್ಟುವಾಗಿನಿಂದ ಹೆಣ್ಣಾಗಿಯೇ ಬೆಳೆದಿದೆ. ಮುಟ್ಟಾಗುವುದಿಲ್ಲ, ಮಕ್ಕಳಾಗುವುದಿಲ್ಲ. ನೀನು ನಿನ್ನನ್ನು ಏನೆಂದು ತಿಳಿದುಕೊಂಡಿದ್ದೀಯ ಎಂದು ಅವರು ಕೇಳಿದರು. ಹೆಣ್ಣು ಎಂದೆ. ಹಾಗಾದರೆ ಹೆಣ್ಣೇ, ಅದನ್ನು ಈ ಕಾಗದ ಬದಲಾಯಿಸುವುದಿಲ್ಲ ಎಂದರು. ಅವ್ವ ಕೇಳಿದ್ದು ಒಂದೇ ಪ್ರಶ್ನೆ, ಹೊರಗಿನಿಂದ ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆಯೇ ಎಂದು.

ಕೆಲಸಕ್ಕೆ ಹಿಂತಿರುಗಿದ ಮೇಲೆ ನಮ್ಮ ಮೇಲ್ವಿಚಾರಕರನ್ನು, ರೇಷ್ಮೆಹುಳುವಿನಲ್ಲಿ ಈ ಎಕ್ಸ್ ವೈ ಲೆಕ್ಕ ಹೇಗೆ ಸಾರ್ ಎಂದು ಸುಮ್ಮನೆ ವಿಚಾರಿಸಿದೆ. ಹುಳುವಿನಲ್ಲಿ ಅದು ಉಲ್ಟಾ ಎಂದರು. ಒಂದೇ ಥರದ ಜೋಡಿ ಇದ್ದರೆ ಗಂಡು, ಬೇರೆ ಬೇರೆ ಇದ್ದರೆ ಹೆಣ್ಣಂತೆ. ಆ ನ್ಯಾಯದಲ್ಲಿ ನಾನು ಒಳಗೂ ಹೊರಗೂ ಅಪ್ಪಟ ಹೆಣ್ಣು. ಹುಳುವಾಗಿ ಹುಟ್ಟಿದ್ದರೆ ಅವ್ವನಿಗೆ ಇಷ್ಟು ಕಷ್ಟವಿರಲಿಲ್ಲ ಎಂದುಕೊಂಡು ನಗು ಬಂತು. ಆ ದಿನ ಮಧ್ಯಾಹ್ನ ಮಾತ್ರ ಊಟ ಸೇರಲಿಲ್ಲ.

ನನಗೆ ಇಪ್ಪತ್ತಮೂರು ನಡೆಯುತ್ತಿದ್ದಾಗ ಮಾವ ತನ್ನ ಮಗನಿಗೆ ನನ್ನನ್ನು ಕೇಳಿದ. ಕೇಳಿದ ಎನ್ನುವುದಕ್ಕಿಂತ, ಗೊತ್ತೇ ಇದ್ದದ್ದನ್ನು ನೆನಪಿಸಿದ. ಸೋದರತ್ತೆ ಮಗಳನ್ನು ಹೊರಗೆ ಕೊಡುವುದುಂಟೇ? ಮಾವನ ಮಗ ಚನ್ನಪಟ್ಟಣದಲ್ಲಿ ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುತ್ತಿದ್ದ. ಚಿಕ್ಕಂದಿನಿಂದ ನಾನು ಅವನನ್ನು ಭಾವ ಎನ್ನುತ್ತಿದ್ದೆ. ನನಗೆ ಅವನು ಇಷ್ಟವಿದ್ದ. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ, ಬಹಳ ಇಷ್ಟವಿದ್ದ.

ಸುಮ್ಮನಿದ್ದುಬಿಡು ಎಂದಳು ಅವ್ವ. ಮಕ್ಕಳಾಗದವರು ಎಷ್ಟು ಜನ ಇಲ್ಲ, ದೇವರು ಕೊಡಲಿಲ್ಲ ಎಂದರಾಯಿತು. ಗುಡ್ಲು ಹಾಕಿದವನೇ ತನ್ನ ತಮ್ಮ, ಅವನಿಗೆ ಅದು ಸುಳ್ಳು ಗುಡ್ಲು ಎಂದು ಯಾವ ಬಾಯಲ್ಲಿ ಹೇಳಲಿ ಎಂದು ಕೇಳಿದಳು. ನಾನು ವಾದ ಮಾಡಲಿಲ್ಲ. ಮಾರನೆಯ ದಿನ ರಜ ಹಾಕಿ, ಮಾಗಡಿಯಿಂದ ರಾಮನಗರದ ಬಸ್ಸು ಹಿಡಿದು, ಅಲ್ಲಿಂದ ಚನ್ನಪಟ್ಟಣ, ಅಲ್ಲಿಂದ ಅಕ್ಕೂರು ಸೇರಿದೆ.

ಮಾವ ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದ. ನಾನೂ ಇನ್ನೊಂದು ಕಡೆಯಿಂದ ಹಾಕುತ್ತಾ ಎಲ್ಲವನ್ನೂ ಹೇಳಿದೆ. ಗುಡ್ಲಿನಿಂದ ಶುರುಮಾಡಿ ಡಾಕ್ಟರಮ್ಮನ ಚಿತ್ರದವರೆಗೆ. ಹುಳುಗಳು ಸೊಪ್ಪು ಮೇಯುವ ಸದ್ದು ಇತ್ತು. ಮಾವ ಕೈ ನಿಲ್ಲಿಸಲಿಲ್ಲ. ಕೊನೆಯ ತಟ್ಟೆ ಮುಗಿದ ಮೇಲೆ ಗೋಣಿಚೀಲ ಒದರಿ ಅದರ ಮೇಲೆ ಕೂತ.

"ನಿಮ್ಮವ್ವ ಅವತ್ತು ಯಾಕ್ ಅಳ್ತಾ ಕೂತಿದ್ಲು ಅಂತ ಈಗ ಗೊತ್ತಾಯ್ತು," ಎಂದ. ಕೈಗಂಟಿದ ಸೊಪ್ಪು ಕೊಡವಿಕೊಂಡು, "ನಂಗೆ ಇರೋನು ಒಬ್ನೇ ಮಗ ಕಣವ್ವ," ಎಂದ.

ಅದೇ ಉತ್ತರ. ಅವನು ಬಯ್ಯಲಿಲ್ಲ, ನಾನು ಬೇಡಲಿಲ್ಲ. ಅತ್ತೆ ಕೊಟ್ಟ ಕಾಫಿ ಕುಡಿದು ಹೊರಟೆ. ಬಸ್ ಸ್ಟ್ಯಾಂಡಿನವರೆಗೂ ಮಾವ ಬೈಕಿನಲ್ಲಿ ಬಿಟ್ಟ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಮಾಗಡಿಯವರೆಗೂ ಅಳುತ್ತಾ ಬಂದೆ.

ಮುಂದಿನ ವರ್ಷ ಕನಕಪುರದ ಕಡೆಯಿಂದ ಭಾವನಿಗೆ ಹೆಣ್ಣು ತಂದರು. ಮದುವೆಗೆ ವಾರವಿರುವಾಗ ಮಾವ ಮನೆಗೆ ಬಂದು, ಕಳಸ ನೀನೇ ಹಿಡಿಯಬೇಕು ಎಂದ. ನಮ್ಮಲ್ಲಿ ಮದುಮಗನ ಜೊತೆ ಕಳಸ ಹಿಡಿದು ನಡೆಯುವವಳು ಅವನ ತಂಗಿ. ಸ್ವಂತ ತಂಗಿಯಿಲ್ಲದಿದ್ದರೆ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು. ಮದುವೆಯಾಗಬಹುದಾದ ಅತ್ತೆಮಗಳು ಹಿಡಿಯುವುದಿಲ್ಲ. ಒಮ್ಮೆ ಹಿಡಿದರೆ ತಂಗಿಯಾದಳು, ಮುಗಿಯಿತು. ಅವ್ವ ಒಳಗೆ ಎದ್ದು ಹೋದಳು. ನಾನು ಹೂಂ ಎಂದೆ.

ಛತ್ರದಲ್ಲಿ ಇದರ ಮಾತೇ ಮಾತು. ಒಬ್ಬ ಮುದುಕಿ ಮಾವನನ್ನು ನಿಲ್ಲಿಸಿಯೇ ಕೇಳಿದಳು, ಇದೆಂಥ ಪದ್ಧತಿ ಎಂದು.

"ನಮ್ಮನೆ ಹೆಣ್ಮಗಳು ಕಣಜ್ಜಿ ಅವಳು," ಎಂದ ಮಾವ. "ಅವಳ್ ಬುಟ್ಟು ಇನ್ಯಾರ್ ಹಿಡೀಬೇಕು?"

ಎಲ್ಲರ ಎದುರು ಹೇಳಿದ. ನನ್ನ ವಿಷಯ ಎಲ್ಲ ಗೊತ್ತಿದ್ದೇ ಹೇಳಿದ. ಆ ಒಂದು ಮಾತಿಗೆ ನಾನು ಅವನಿಗೆ ಋಣಿ, ಅದೇ ಮಾತಿನಿಂದ ಅವನು ನನ್ನಿಂದ ಕಿತ್ತುಕೊಂಡದ್ದನ್ನೂ ಮರೆತಿಲ್ಲ. ಎರಡೂ ಒಟ್ಟಿಗೇ ಇವೆ.

ಕಳಸ ಹಿಡಿದವಳಿಗೆ ಇನ್ನೊಂದು ಕೆಲಸವಿದೆ, ಅದು ನನಗೆ ಆ ಹೊತ್ತಿನವರೆಗೆ ಹೊಳೆದಿರಲಿಲ್ಲ. ಹೆಣ್ಣುಗಂಡು ಮನೆ ತುಂಬುವಾಗ ಬಾಗಿಲು ತಡೆಯಬೇಕು. ನಿಮಗೆ ಹೆಣ್ಣು ಹುಟ್ಟಿದರೆ ನನ್ನ ಮಗನಿಗೆ ಕೊಡುತ್ತೀರಾ ಎಂದು ಕೇಳಬೇಕು, ಅವರು ಒಪ್ಪಿದ ಮೇಲೆ ದಾರಿ ಬಿಡಬೇಕು. ಹೆಂಗಸರು ನನ್ನನ್ನು ನೂಕಿ ಹೊಸಿಲ ಮೇಲೆ ನಿಲ್ಲಿಸಿದರು. ಕೇಳು, ಕೇಳು ಎಂದರು. ಮದುಮಗಳು ತಲೆ ತಗ್ಗಿಸಿ ನಗುತ್ತಿದ್ದಳು. ಮಾವ ಅಂಗಳದ ಆಚೆ ಚಪ್ಪರದ ಕಂಬ ಹಿಡಿದು ನೆಲ ನೋಡುತ್ತಿದ್ದ. ಮಗನಿಗೆ ಅವನು ಎಷ್ಟು ಹೇಳಿದ್ದನೋ ನಾನು ಯಾವತ್ತೂ ಕೇಳಿಲ್ಲ. ಆದರೆ ಮದುಮಗ ನನ್ನನ್ನು ನೋಡಿದ ರೀತಿಯಿಂದಲೇ, ಅವನಿಗೆ ಗೊತ್ತಿದೆ ಎಂದು ತಿಳಿಯಿತು.

"ಅಣ್ಣ," ಎಂದೆ, ಮೊದಲ ಸಲ. "ಹೆಣ್ಣು ಹುಟ್ಟುದ್ರೆ ಯಾರ್ಗ್ ಕೊಡ್ತೀಯ?"

"ನಿಂಗೇ ಕೊಡ್ತೀನಿ ಕಣವ್ವ," ಎಂದ.

ನಾನು ಬಾಗಿಲು ಬಿಟ್ಟು ಪಕ್ಕಕ್ಕೆ ನಿಂತೆ.