ಅತ್ತೆ ‘ಬೇಡ’ ಅನ್ನಲು ಹೊರಟ ಭಾನುವಾರ

ನಿನ್ನೆ ಸಂಜೆ ಬನಶಂಕರಿಯಲ್ಲಿ ಬಸ್ಸಿಳಿದು ಮನೆ ಕಡೆ ಹೊರಟವಳನ್ನು ಒಂದು ವಾಸನೆ ಹಿಡಿದು ನಿಲ್ಲಿಸಿತು. ಅದರಲ್ಲಿ ಅರ್ಧ ಮೆಣಸಿನಕಾಯಿ ಬಜ್ಜಿಯದು, ಇನ್ನರ್ಧ ಒಣಹುಲ್ಲು, ಸಗಣಿಯದು. ಈ ಎರಡೂ ಒಟ್ಟಿಗೆ ಮೂಗಿಗೆ ಬಿದ್ದರೆ ಹತ್ತಿರದ ಯಾವುದೋ ಮೈದಾನಕ್ಕೆ ಮೇಳ ಬಂದಿದೆ ಎಂದೇ ಲೆಕ್ಕ. ನಿಮಗೆ ಹೇಗೋ ಗೊತ್ತಿಲ್ಲ, ನನಗಂತೂ ಕಣ್ಣು ಮರೆತದ್ದನ್ನೆಲ್ಲ ಮೂಗು ನೆನಪಿಟ್ಟುಕೊಂಡಿರುತ್ತದೆ. ತರಕಾರಿ ಚೀಲವನ್ನು ಕೈ ಬದಲಾಯಿಸಿಕೊಂಡು ಫುಟ್‌ಪಾತಿನಲ್ಲೇ ನಿಂತುಬಿಟ್ಟೆ. ವಿಮಲತ್ತೆ ಮದುವೆ ಬೇಡ ಎಂದು ಹೇಳಿ ಬರಲು ಹೊರಟ ಭಾನುವಾರ ಕಣ್ಣ ಮುಂದೆ ಬಂತು.

ವಿಮಲತ್ತೆ ನಮ್ಮಪ್ಪನ ತಂಗಿ. ಜಯನಗರದ ಶಾಲೆಯೊಂದರಲ್ಲಿ ಲೆಕ್ಕದ ಮೇಡಂ ಆಗಿದ್ದು ನಿವೃತ್ತಳಾದವಳು. ಹಾಸಿಗೆ ಹಿಡಿದಿದ್ದ ಅಜ್ಜಿಯನ್ನು ನೋಡಿಕೊಳ್ಳುವುದರಲ್ಲೇ ಅವಳ ಮದುವೆಯ ವಯಸ್ಸು ಸರಿದುಹೋಗಿತ್ತು. ಮದುವೆ ಬೇಡ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಬೇಕಾ ಎಂದು ಕೇಳಿದವರೂ ಇರಲಿಲ್ಲ. ಅಜ್ಜಿ ಹೋದ ಮೇಲೂ ಬೆಳಿಗ್ಗೆ ಇಬ್ಬರಿಗಾಗುವಷ್ಟು ಡಿಕಾಕ್ಷನ್ ಇಳಿಸಿ, ಅರ್ಧವನ್ನು ಸಿಂಕಿಗೆ ಸುರಿಯುತ್ತಿದ್ದಳು.

ಹಾಲೇಶಪ್ಪನವರು ಅವಳಿಗೆ ಪಾರ್ಕಿನಲ್ಲಿ ಪರಿಚಯವಾದವರು. ದಾವಣಗೆರೆ ಕಡೆಯವರು, ಬನಶಂಕರಿಯಲ್ಲಿ ಸ್ಟೀಲ್ ಪಾತ್ರೆ ಅಂಗಡಿ ನಡೆಸಿ ಈಗ ಅದನ್ನು ಮಗಳು ಅಳಿಯನ ಕೈಗೆ ಬಿಟ್ಟಿದ್ದರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಹಣೆಯಲ್ಲಿ ವಿಭೂತಿ, ಹೆಗಲ ಮೇಲೊಂದು ಟವೆಲ್, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ. ಒಂದು ಬೆಳಿಗ್ಗೆ ಬೆಂಚಿನ ಮೇಲೆ ಕೂತು ನೇರವಾಗಿ ಕೇಳಿದರಂತೆ: “ಟೀಚರ್ರೇ, ನಾವಿಬ್ರೂ ಮದುವೆ ಆದ್ರೆ ಹೆಂಗೆ? ಅರ್ಜೆಂಟೇನಿಲ್ಲ, ವಿಚಾರ ಮಾಡಿ ಹೇಳ್ರಿ.”

ಅಪ್ಪನಿಗೆ ಇದು ಗೊತ್ತಾದಾಗ ಮನೆಯಲ್ಲಿ ದೊಡ್ಡ ಗಲಾಟೆಯೇನೂ ಆಗಲಿಲ್ಲ. ನಮ್ಮ ಮನೆಯಲ್ಲಿ ಗಲಾಟೆಯನ್ನೂ ಮೆಲುದನಿಯಲ್ಲೇ ಮಾಡುವುದು. “ಅರವತ್ತು ದಾಟಿದ್ಮೇಲೆ ಇದೆಲ್ಲ ಏನಮ್ಮಾ? ಅವರು ನಮ್ಮೋರೂ ಅಲ್ಲ,” ಅಂದರು. ಅತ್ತೆ ವಾದ ಮಾಡಲಿಲ್ಲ. “ಸರಿ ಅಣ್ಣ. ಭಾನುವಾರ ಮೇಳಕ್ಕೆ ಕರ್ದಿದಾರೆ. ಫೋನಲ್ಲಿ ಹೇಳೋದು ಮರ್ಯಾದೆ ಅಲ್ಲ, ಎದುರಿಗೇ ಬೇಡ ಅಂತ ಹೇಳಿ ಬರ್ತೀನಿ,” ಅಂದಳು.

ಅಪ್ಪ ನನ್ನ ಕಡೆ ತಿರುಗಿ, “ನೀನೂ ಜೊತೆಗೆ ಹೋಗು,” ಅಂದರು. ಕಾಲೇಜಿನ ದಿನಗಳಲ್ಲಿ ನಾನು ಗೆಳತಿಯರ ಜೊತೆ ಸಿನಿಮಾಕ್ಕೆ ಹೊರಟರೆ ಕಾವಲಿಗೆಂದು ಬರುತ್ತಿದ್ದವಳು ಇದೇ ಅತ್ತೆ. ಆ ಭಾನುವಾರ ಮೂವತ್ತರ ನಾನು ಅರವತ್ತೊಂದರ ಅವಳಿಗೆ ಕಾವಲು. ಅದೂ ಎಂಥ ಕಾವಲು! ಮೈದಾನದ ಗೇಟು ದಾಟುವ ಮೊದಲೇ ಬಾಂಬೆ ಮಿಠಾಯಿ ಕೊಂಡು, ಮೂಗಿಗೆಲ್ಲ ಗುಲಾಬಿ ಬಣ್ಣ ಮೆತ್ತಿಕೊಂಡಿದ್ದೆ.

ಕುಮಾರಸ್ವಾಮಿ ಲೇಔಟಿನ ಕಡೆಯ ಮೈದಾನ ಅದು. ಚಳಿಗಾಲದ ಎಳೆ ಬಿಸಿಲು. ಗಾಳಿಯಲ್ಲಿ ಧೂಳು ಅರಿಶಿನದ ಪುಡಿಯ ಹಾಗೆ ತೇಲುತ್ತಿತ್ತು. ದೂರದಲ್ಲಿ ಜೈಂಟ್ ವೀಲ್ ನಿದ್ದೆಗಣ್ಣಿನಲ್ಲೇ ಸುತ್ತುತ್ತಿರುವಂತಿತ್ತು. ಮೇಳದೊಳಗೆ ಹೊತ್ತು ಹೇಗೆ ಹೋಗುತ್ತದೆ ಎಂದು ನಿಮಗೂ ಗೊತ್ತಲ್ಲ. ಯಾರೂ ಎಲ್ಲಿಗೂ ಹೋಗಬೇಕಾಗಿರುವುದಿಲ್ಲ, ಆದರೂ ಎಲ್ಲರೂ ನಡೆಯುತ್ತಲೇ ಇರುತ್ತಾರೆ.

ಹಾಲೇಶಪ್ಪನವರು ಗೇಟಿನಲ್ಲೇ ಕಾಯುತ್ತಿದ್ದರು. ಮೊದಲು ಬೆಣ್ಣೆ ದೋಸೆಯ ಅಂಗಡಿಗೆ ಕರೆದೊಯ್ದರು. ಒಂದು ತುತ್ತು ಬಾಯಿಗಿಟ್ಟು, “ಇದು ದಾವಣಗೆರೆ ದೋಸೆ ಅಲ್ಲ ಬಿಡ್ರಿ,” ಎಂದು ತೀರ್ಪು ಕೊಟ್ಟು, ಇನ್ನೊಂದು ದೋಸೆಗೆ ಹೇಳಿದರು. ಹೊರಗೆ ಒಂದು ಲೋಟ ನೀರನ್ನೂ ಕುಡಿಯದ ನಮ್ಮತ್ತೆ, ಬೆರಳಿಗಂಟಿದ ಬೆಣ್ಣೆಯನ್ನು ಯಾರಿಗೂ ಕಾಣದಂತೆ ನೆಕ್ಕಿದ್ದನ್ನು ನಾನು ಕಂಡೆ. ಅವರು ಕೈ ತೊಳೆಯಲು ಹೋದಾಗ ಪಿಸುಗುಟ್ಟಿದೆ: “ಹೇಳ್ತೀಯಾ ಈಗ?”

“ತಿನ್ನೋ ಹೊತ್ತಲ್ಲಿ ಹೇಳ್ಬಾರ್ದು ಕಣೇ.”

ಆಮೇಲೆ ಪ್ರಾಣಿಗಳ ಸಾಲು. ಎಣ್ಣೆ ಹಚ್ಚಿದಂತೆ ಹೊಳೆಯುವ ಹಳ್ಳಿಕಾರ್ ಎತ್ತುಗಳು, ಯಾರ ಮೇಲೋ ಸಿಟ್ಟಾಗಿ ಕೆಂಪಾದಂತಿದ್ದ ಟರ್ಕಿ ಕೋಳಿ, ಒಂದರ ಮೇಲೊಂದು ಮಲಗಿದ ಮೊಲಗಳು. ಗಿಡ್ಡ ಕಾಲಿನ, ದಪ್ಪ ಮೈಯ ಬಂಡೂರು ಕುರಿಗಳ ಹತ್ತಿರ ಹಾಲೇಶಪ್ಪನವರು, “ಹಿಡ್ಕೊಳ್ರಿ, ಬಗ್ಗಿದ್ರೆ ಜೇಬಿಂದ ಬೀಳ್ತದೆ,” ಎಂದು ಫೋನನ್ನು ಅತ್ತೆಯ ಚೀಲಕ್ಕೆ ಹಾಕಿ, ಒಂದು ಮರಿಯನ್ನೆತ್ತಿ, ಹುಲ್ಲಿನ ಕಂತೆಯ ಮೇಲೆ ಕೂತಿದ್ದ ಅವಳ ಮಡಿಲಿಗೇ ಇಟ್ಟುಬಿಟ್ಟರು. ಅತ್ತೆ ಗಾಬರಿಯಾದಳು. ಮರಿ ಮಾತ್ರ ಅವಳ ಸೀರೆಯ ಸೆರಗಿನೊಳಗೆ ಮೂತಿ ತೂರಿಸಿ ಕಣ್ಣು ಮುಚ್ಚಿತು. ಅತ್ತೆ ಅಲುಗಾಡದೆ ಕೂತಳು. ಎಷ್ಟೋ ಹೊತ್ತು. ಅವಳ ಅಂಗೈ ಮರಿಯ ಬೆನ್ನ ಮೇಲೆ ಬಹಳ ನಿಧಾನವಾಗಿ ಓಡಾಡುತ್ತಿತ್ತು.

“ಈಗ?” ಎಂದು ನಾನು ಕಣ್ಣಲ್ಲೇ ಕೇಳಿದರೆ, “ಕುರಿಮರಿ ಮುಂದೆ ಹೇಳಕ್ಕಾಗತ್ತಾ?” ಎಂದು ಗದರಿದಳು.

ಜಾದೂ ಡೇರೆಯೊಳಗೆ ಅರೆಗತ್ತಲು. ಮುಂದಿನ ಸಾಲಿನಲ್ಲಿ ಅವರಿಬ್ಬರು, ಹಿಂದೆ ನಾನು. ಜಾದೂಗಾರ ಖಾಲಿ ಟೋಪಿ ತೋರಿಸಿದ ಕೂಡಲೇ ಅತ್ತೆಯೊಳಗಿನ ಮೇಡಂ ಎಚ್ಚರವಾದಳು. “ಎಡಗಡೆ ತೋಳಲ್ಲಿ ಇಟ್ಕೊಂಡಿದಾನೆ ನೋಡಿ,” ಅಂದಳು.

“ಗೊತ್ತಾದ್ರೂ ಹೇಳಬ್ಯಾಡ್ರಿ ಟೀಚರ್ರೇ,” ಹಾಲೇಶಪ್ಪನವರು ವೇದಿಕೆಯಿಂದ ಕಣ್ಣು ಕೀಳದೆ ಅಂದರು. “ಪಾರಿವಾಳ ಬರಲಿ. ಬಂದಾಗ ಖುಷಿ ಪಡೋಣ.”

ಪಾರಿವಾಳ ಹಾರಿದಾಗ ಡೇರೆಯಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಅವಳೇ.

ಹೊರಗೆ ಬಂದಾಗ ಬಿಸಿಲು ಇಳಿದು ಜನ ಹೆಚ್ಚಿದ್ದರು. “ಕಬ್ಬಿನ ಹಾಲು ತರ್ತೀನಿ, ಇಲ್ಲೇ ಇರ್ರಿ,” ಎಂದು ಹೋದ ಹಾಲೇಶಪ್ಪನವರು ಬರಲೇ ಇಲ್ಲ. ಅತ್ತೆ ಮೊದಲು, “ಅಲ್ಲಿ ಯಾರದೋ ಜೊತೆ ಹರಟೆ ಹೊಡೀತಿರ್ತಾರೆ,” ಎಂದು ನಕ್ಕಳು. ಆಮೇಲೆ ಅವರ ಫೋನು ತನ್ನ ಚೀಲದಲ್ಲೇ ಇರುವುದು ನೆನಪಾಗಿ ನಗು ನಿಂತಿತು. ಕಬ್ಬಿನ ಹಾಲಿನ ಅಂಗಡಿಗೆ ಹೋದೆವು, ಅಲ್ಲಿರಲಿಲ್ಲ. ಕುರಿಗಳ ಹತ್ತಿರ ಹೋದೆವು, ಅಲ್ಲೂ ಇಲ್ಲ.

“ಬೆಳಿಗ್ಗೆಯಿಂದ ಬಿಸಿಲಲ್ಲಿ ತಿರುಗಿದಾರೆ. ಎಲ್ಲಾದ್ರೂ ತಲೆ ಸುತ್ತಿ ಬಿದ್ದಿದ್ರೆ?” ಅತ್ತೆಯ ಮುಖ ನೋಡಿ ನನಗೆ ಹೆದರಿಕೆಯಾಯಿತು. ಅಜ್ಜಿಯ ಕೊನೆಯ ದಿನಗಳಲ್ಲಿ ಮಾತ್ರ ಅವಳ ಮುಖ ಹಾಗಿತ್ತು. ನನ್ನನ್ನು ಎಳೆದುಕೊಂಡು ಮೈಕಿನ ಪೆಂಡಾಲಿಗೆ ಹೋದಳು.

ಅಲ್ಲಿ ಕೂತಿದ್ದ ಹೆಂಗಸು ಸಾವಧಾನವಾಗಿ ಕೇಳಿದಳು: “ಹೆಸರು ಹೇಳಿ ಮೇಡಂ.” ಅತ್ತೆ ಹೇಳಿದಳು. “ಏನು ಹಾಕ್ಕೊಂಡಿದಾರೆ?” ಅಂಗಿ, ಟವೆಲ್, ಶೂ ಎಲ್ಲ ಹೇಳಿದಳು.

“ನಿಮಗೆ ಏನಾಗ್ಬೇಕು ಅವ್ರು?”

ಪರಿಚಯದವರು ಎಂದು ಹೇಳಿಬಿಡೋಣ ಎಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಸೆರಗು ಸರಿಮಾಡಿಕೊಂಡು, ತರಗತಿಯಲ್ಲಿ ಉತ್ತರ ಹೇಳುವಷ್ಟು ಸ್ಪಷ್ಟವಾಗಿ ಹೇಳಿದಳು: “ನಮ್ಮ ಯಜಮಾನ್ರು.”

ಮರುಕ್ಷಣ ಇಡೀ ಮೈದಾನಕ್ಕೆ ಕೇಳಿಸಿತು. ಜಯನಗರದ ವಿಮಲಾ ಮೇಡಂ ಅವರ ಯಜಮಾನರಾದ ಹಾಲೇಶಪ್ಪನವರು ಎಲ್ಲಿದ್ದರೂ ಮೈಕಿನ ಪೆಂಡಾಲಿನ ಹತ್ತಿರ ಬರಬೇಕು. ಅವರ ಮನೆಯವರು ಕಾಯುತ್ತಿದ್ದಾರೆ. ಬಜ್ಜಿ ಕರಿಯುವವರು, ಎತ್ತಿನ ಮೈ ತಿಕ್ಕುವವರು, ಜೈಂಟ್ ವೀಲಿನ ತೊಟ್ಟಿಲಲ್ಲಿ ಮೇಲೆ ಕೂತವರು, ಎಲ್ಲರೂ ಕೇಳಿರಬೇಕು. ಅತ್ತೆ ನನ್ನ ಕೈಯನ್ನು ಬಿಗಿಯಾಗಿ ಹಿಡಿದು ನೆಲ ನೋಡುತ್ತಿದ್ದಳು.

ಜನರ ನಡುವಿನಿಂದ ಅವರು ಬಂದರು. ಎರಡೂ ಕೈಯಲ್ಲಿ ಮೂರು ಲೋಟ ಕಬ್ಬಿನ ಹಾಲನ್ನು ಕಷ್ಟಪಟ್ಟು ಹಿಡಿದಿದ್ದರು, ಅರ್ಧ ಚೆಲ್ಲಿಹೋಗಿತ್ತು. ದಾರಿ ತಪ್ಪಿ ಮೈದಾನದ ಆಚೆ ತುದಿಯ ಇನ್ನೊಂದು ಡೇರೆಯ ಮುಂದೆ ನಮಗಾಗಿ ಕಾಯುತ್ತಿದ್ದರಂತೆ.

“ಮೈಕಲ್ಲಿ ಅಂದಿದ್ದು ಕೇಳ್ತು,” ಅಂದರು. “ಆಯಮ್ಮ ಏನಾರ ತಪ್ಪು ತಿಳ್ಕೊಂಡು ಹೇಳಿದ್ಲಾ?”

“ತಪ್ಪೇನಿಲ್ಲ. ನಾನೇ ಹಾಗೆ ಹೇಳಿದ್ದು,” ಅಂದಳು ಅತ್ತೆ.

ಹಾಲೇಶಪ್ಪನವರು ಲೋಟ ಇಡಲು ಸುತ್ತ ಜಾಗ ಹುಡುಕಿದರು. ಸಿಗದೆ, ಮೂರನ್ನೂ ನನ್ನ ಕೈಗೆ ತುರುಕಿ, ಟವೆಲಿನಿಂದ ಮುಖ ಮುಚ್ಚಿಕೊಂಡರು. ಕೈಯೆಲ್ಲ ಅಂಟುಅಂಟಾಗಿ ನಾನು ಅಲ್ಲೇ ನಿಂತೆ. ನನ್ನ ಕಾವಲಿನ ಕೆಲಸ ಮುಗಿದದ್ದು ಹಾಗೆ.

ಮನೆಗೆ ಬಂದಾಗ ಅಪ್ಪ ಬಾಗಿಲಲ್ಲೇ ಕೇಳಿದರು: “ಹೇಳಿದ್ಲಾ?”

“ಹೇಳಿದ್ಲು ಅಪ್ಪ. ಮೈಕಲ್ಲೇ ಹೇಳಿದ್ಲು.”

ರಿಜಿಸ್ಟರ್ ಮದುವೆಗೆ ಅಪ್ಪ ಬರಲಿಲ್ಲ. ಕೆಲವು ತಿಂಗಳ ನಂತರ ಅತ್ತೆಗೆ ಜ್ವರ ಬಂದಿದೆ ಎಂದು ಕೇಳಿ ಒಬ್ಬರೇ ಅವರ ಮನೆಗೆ ಹೋದರು. ಹಾಲೇಶಪ್ಪನವರು ಹಾಸಿಗೆಯ ಪಕ್ಕ ಕೂತು ಗಂಜಿ ಆರಿಸುತ್ತಿದ್ದುದನ್ನು ಬಾಗಿಲಲ್ಲೇ ನಿಂತು ನೋಡಿದರಂತೆ. ಸಂಜೆ ವಾಪಸ್ ಬಂದು, “ಸಾರಿಗೆ ಖಾರ ಜಾಸ್ತಿ ಹಾಕ್ತಾರೆ. ಮನುಷ್ಯ ಒಳ್ಳೆಯವರು,” ಅಂದರು.

ಇದನ್ನೆಲ್ಲ ನೆನೆಯುತ್ತ ನಿಂತವಳಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಸೀದಾ ಮನೆಗೆ ಹೋಗಬೇಕೆಂದಿದ್ದವಳು ಸುಮ್ಮನೆ ಅತ್ತೆಗೆ ಫೋನ್ ಮಾಡಿದೆ. ಎತ್ತಿದವರು ಹಾಲೇಶಪ್ಪ ಮಾವ. ಹಿಂದಿನಿಂದ ಕೇರಂ ಕಾಯಿ ಬೀಳುವ ಸದ್ದು.

“ನಿಮ್ಮಪ್ಪಾಜಿನೂ ಇಲ್ಲೇ ಅದಾರೆ. ಸೋಲಾಕತ್ಯಾರೆ, ಅದಕ್ಕೇ ಮಾತಿಲ್ಲ,” ಎಂದು ನಕ್ಕರು.

“ಯಾರ್ರೀ ಫೋನಲ್ಲಿ?” ಅಪ್ಪನ ದನಿ ಕೇಳಿಸಿತು.

“ನಮ್ಮ ಮಗಳು,” ಅಂದರು ಮಾವ.

ಅಪ್ಪ ತಿದ್ದಲಿಲ್ಲ. “ಹಾಗಾದ್ರೆ ಊಟಕ್ಕೆ ಇಲ್ಲಿಗೇ ಬಾ ಅಂತ ಹೇಳಿ,” ಅಂದರು. ನಾನು ಬಸ್ ಸ್ಟ್ಯಾಂಡಿನ ಕಡೆ ತಿರುಗಿದೆ.