ಹೊಸ್ತಿಲಾಚೆ ಚಾಚಿದ ಕಾಲು

೧೯೫೮ರ ಬೇಸಿಗೆಯಲ್ಲಿ ನಾನು ಸಿಂದಗಿ ತಾಲೂಕಿನ ಸ್ಯಾನಿಟರಿ ಇನ್ಸ್‌ಪೆಕ್ಟರ್ ಆಗಿದ್ದೆ. ಅದಕ್ಕೂ ಮೊದಲು ಮುದ್ದೇಬಿಹಾಳದಲ್ಲಿ ಕೆಲಸ ಮಾಡಿದ್ದೆ. ನಮ್ಮ ಜಿಲ್ಲೆ ಮುಂಬೈ ಪ್ರಾಂತ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಆಗ ಎರಡು ವರ್ಷವೂ ತುಂಬಿರಲಿಲ್ಲ. ಬಾವಿಗಳಿಗೆ ಬ್ಲೀಚಿಂಗ್ ಪೌಡರ್ ಹಾಕುವುದು, ಸಿಡುಬಿನ ಲಸಿಕೆ ಹಾಕಿಸುವುದು, ಹೋಟೆಲುಗಳ ತಪಾಸಣೆ ಮಾಡುವುದು ನನ್ನ ಕೆಲಸ. ಇಲಾಖೆ ಕೊಟ್ಟದ್ದು ಒಂದು ಸೈಕಲ್ ಮತ್ತು ಒಂದು ಔಷಧದ ಪೆಟ್ಟಿಗೆ.

ನಾನು ಕ್ರೈಸ್ತ. ಮಿಷನ್ ಬೋರ್ಡಿಂಗ್ ಶಾಲೆಯಲ್ಲಿ ಬೆಳೆದವನು. ಅಲ್ಲಿ ಏಳುವುದು, ಉಣ್ಣುವುದು, ಓದುವುದು, ಪ್ರಾರ್ಥಿಸುವುದು ಎಲ್ಲವೂ ಗಂಟೆಯ ಪ್ರಕಾರ. ಆ ಶಿಸ್ತು ನನ್ನನ್ನು ಬಿಟ್ಟಿರಲಿಲ್ಲ. ಸಿಂದಗಿಯಲ್ಲಿ ಆಗ ನಮಗೆ ಚರ್ಚು ಇರಲಿಲ್ಲವಾದ್ದರಿಂದ ಭಾನುವಾರ ಬೆಳಿಗ್ಗೆ ಸೈಕಲ್ ಹತ್ತಿ ತಾಲೂಕಿನ ಒಂದು ಹಳ್ಳಿಗೆ ಹೋಗುತ್ತಿದ್ದೆ. ಅಂದಿನವರ ಮೊಮ್ಮಕ್ಕಳು ಈಗಲೂ ಅಲ್ಲಿದ್ದಾರೆ. ಊರಿನ ಹೆಸರು ಬೇಡ. ಊರಾಚೆ ಹತ್ತಾರು ಮನೆಗಳ ಕ್ರೈಸ್ತ ಕೇರಿ, ನಡುವೆ ತಗಡಿನ ಮಾಡಿನ ಪ್ರಾರ್ಥನಾಲಯ, ಕೇರಿಯ ಸುತ್ತ ಕಲ್ಲಿನ ಗೋಡೆ, ಅದಕ್ಕೊಂದು ಬಾಗಿಲು. ಪಾದ್ರಿಯವರು ತಿಂಗಳಿಗೊಮ್ಮೆ ಬರುತ್ತಿದ್ದರು. ಉಳಿದ ಭಾನುವಾರ ಸಭೆಯ ಹಿರಿಯ ಯೋಸೇಫಪ್ಪ ಆರಾಧನೆ ನಡೆಸುತ್ತಿದ್ದ. ವೃತ್ತಿಯಿಂದ ಅವನು ಗೌಂಡಿ, ಕಲ್ಲು ಕಟ್ಟುವವನು. ಸರ್ಕಾರಿ ಮನುಷ್ಯನೆಂದು ನನಗೆ ಅಲ್ಲಿದ್ದ ಒಂದೇ ಕುರ್ಚಿ ಹಾಕುತ್ತಿದ್ದರು. ಕೂತು, ಹಾಡಿ, ಕಣ್ಣು ಮುಚ್ಚಿ, ಕೈಕುಲುಕಿ ಮರಳುತ್ತಿದ್ದೆ. ಅದೇ ಊರಿಗೆ ವಾರದ ನಡುವೆ ಬ್ಲೀಚಿಂಗ್ ಪೌಡರ್ ಡಬ್ಬಿ ಹಿಡಿದೂ ಹೋಗುತ್ತಿದ್ದೆ. ಈ ಎರಡು ಪ್ರಯಾಣಗಳಿಗೆ ಸಂಬಂಧವಿದೆ ಎಂದು ನನಗೆ ಎಂದೂ ಅನಿಸಿರಲಿಲ್ಲ.

ಆ ವರ್ಷ ಏಪ್ರಿಲ್‌ನಲ್ಲಿ ಊರಿನಲ್ಲಿ ನಾರುಹುಣ್ಣು ಎದ್ದಿತು. ಇಂದಿನ ಓದುಗರು ಈ ರೋಗ ನೋಡಿರಲಾರರು, ಆದ್ದರಿಂದ ವಿವರಿಸುತ್ತೇನೆ. ದಾರದಂತಹ ಉದ್ದನೆಯ ಹುಳು ಮನುಷ್ಯನ ಕಾಲಿನಿಂದ ಗುಳ್ಳೆ ಒಡೆದು ಹೊರಬರುತ್ತದೆ. ಆ ಕಾಲು ನೀರಿಗೆ ತಾಗಿದೊಡನೆ ಹುಳು ಸಾವಿರಾರು ಮರಿಗಳನ್ನು ಚೆಲ್ಲುತ್ತದೆ. ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಅತಿ ಸಣ್ಣ ಜೀವಿ ಅವನ್ನು ನುಂಗುತ್ತದೆ. ಆ ನೀರು ಕುಡಿದವನಿಗೆ ಸುಮಾರು ಒಂದು ವರ್ಷದ ಮೇಲೆ ಹುಳು ಏಳುತ್ತದೆ. ಅಂದರೆ ಈ ಬೇಸಿಗೆ ಕುಡಿದ ನೀರಿನ ಫಲ ಬರುವ ಬೇಸಿಗೆಗೆ. ಇದಕ್ಕೆ ತಕ್ಕ ತೊಟ್ಟಿಲು ನಮ್ಮ ಸೀಮೆಯ ಮೆಟ್ಟಿಲು ಬಾವಿ. ಜನ ಇಳಿದು, ಕಾಲು ಮುಳುಗಿಸಿ ನಿಂತು, ಅಲ್ಲೇ ಕೊಡ ತುಂಬುತ್ತಾರೆ. ಮೆಟ್ಟಿಲು ಕಿತ್ತು, ಸುತ್ತ ಕಟ್ಟೆ ಕಟ್ಟಿ, ರಾಟೆ ಹಾಕಿ ಮೇಲಿನಿಂದ ಸೇದುವಂತೆ ಮಾಡಿದರೆ ರೋಗದ ಸರಪಳಿ ಕಡಿಯುತ್ತದೆ.

ಊರಿನದು ಮೆಟ್ಟಿಲು ಬಾವಿ. ಕೇರಿಯದು ಸೇದೋ ಬಾವಿ. ಊರ ಬಾವಿಗೆ ಕೇರಿಯವರನ್ನು ಬಿಡದಿದ್ದ ಕಾಲದಲ್ಲಿ ಒಬ್ಬ ಪಾದ್ರಿಯವರು ಅದನ್ನು ತೋಡಿಸಿಕೊಟ್ಟಿದ್ದರು. ಹೀಗಾಗಿ ಊರಿನಲ್ಲಿ ಮನೆಗೊಬ್ಬರು ಮಲಗಿದ್ದರೆ, ಊರು ದೂರವಿಟ್ಟ ಕೇರಿಯಲ್ಲಿ ಒಬ್ಬರಿಗೂ ಹುಳು ಇರಲಿಲ್ಲ. ಯೋಸೇಫಪ್ಪ ಪ್ರತಿ ಭಾನುವಾರ ಪ್ರಾರ್ಥನೆಯಲ್ಲಿ ಹೇಳುತ್ತಿದ್ದ: “ಕರ್ತನೇ, ನಮ್ಮ ಕೇರಿಯನ್ನು ಈ ನಾರಿನಿಂದ ಕಾಪಾಡಿದ್ದಕ್ಕೆ ಸ್ತೋತ್ರ.” ನಾವೆಲ್ಲ ಗಟ್ಟಿಯಾಗಿ ಆಮೆನ್ ಎನ್ನುತ್ತಿದ್ದೆವು. ನನ್ನ ಧ್ವನಿಯೂ ಅದರಲ್ಲಿತ್ತು.

ಸಾಧ್ಯವಾದದ್ದು ಮಾಡೋಣವೆಂದು ಕೇರಿಯ ಬಾಗಿಲು ತೆರೆದು, ಹಗ್ಗ ಕೊಡ ಇಟ್ಟು, ಬೇಕಾದವರು ಬಂದು ಸೇದಿಕೊಳ್ಳಲಿ ಎಂದು ಊರಲ್ಲಿ ಹೇಳಿಸಿದೆವು. ಒಬ್ಬರೂ ಬರಲಿಲ್ಲ. ಯೋಸೇಫಪ್ಪನಿಗೆ ಇದರಿಂದ ಸಮಾಧಾನವೇ ಆಯಿತು.

“ಬಾಗಲಾ ತಗದ್ವಿ, ಹಗ್ಗಾ ಇಟ್ವಿ, ಕರದ್ವಿ. ಬರಲಿಲ್ಲ. ಇನ್ನ ನಮ್ಮ ಮ್ಯಾಲೆ ತಪ್ಪಿಲ್ರಿ ಸಾಹೇಬ್ರ” ಎಂದ.

ಅವನ ಹೆಂಡತಿ ಮರಿಯವ್ವ ಬಾವಿಯ ಕಟ್ಟೆಯ ಮೇಲೆ ಕೊಡ ತಿಕ್ಕುತ್ತಿದ್ದಳು. “ನಡ್ಯಾಕ ಬರದವ್ರನ್ನ ಕುಂತಲ್ಲಿಂದ ಕರದ್ರ ಹಾರಿಕೊಂಡ ಬರ್ತಾರೇನು? ಕರ್ಯೂದೂ ಒಂದ ಕೆಲಸಾ?” ಎಂದಳು.

ಹುಳು ತೆಗೆಯುವ ಚಿಕಿತ್ಸೆ ತಾಳ್ಮೆಯದು. ಗಾಯ ತೊಳೆದು, ಹುಳುವಿನ ತುದಿಯನ್ನು ಸಣ್ಣ ಕಡ್ಡಿಗೆ ಸುತ್ತಿ, ದಿನಕ್ಕೆ ಬೆರಳಗಲ ಎಳೆದು, ಪಟ್ಟಿ ಕಟ್ಟಬೇಕು. ಅವಸರ ಮಾಡಿದರೆ ಹುಳು ತುಂಡಾಗಿ ಕೀವು ತುಂಬುತ್ತದೆ, ಕಾಲು ಸೊಟ್ಟಗಾಗಬಹುದು. ವಾರಕ್ಕೊಮ್ಮೆ ಬರುವ ನನ್ನಿಂದ ಇದು ಆಗುವ ಮಾತಲ್ಲ. ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಮೊದಲ ಸಲ ಆ ಕುರ್ಚಿಯಿಂದ ಎದ್ದು ನಿಂತು ಹೇಳಿದೆ: “ಊರಲ್ಲಿ ದಿನಾಲೂ ಪಟ್ಟಿ ಕಟ್ಟಲು ನನಗೆ ಜನ ಬೇಕು. ನಾನು ಕಲಿಸುತ್ತೇನೆ.”

ಎಲ್ಲರೂ ಯೋಸೇಫಪ್ಪನ ಮುಖ ನೋಡಿದರು. ಅವನು ನೆಲ ನೋಡಿದ. ಮರಿಯವ್ವ ಎದ್ದಳು.

“ನಿನ್ನ ಕೈಯಾನ ನೀರು ಮುಟ್ಟದ ಮಂದಿ ಕಾಲು ಮುಟ್ಟಸ್ಕೊಂತಾರ?” ಎಂದು ಗಂಡ ಕೇಳಿದ.

“ಬ್ಯಾನಿ ಆದಾವ ಮುಟ್ಟಸ್ಕೊಂತಾನ. ನೀವು ಬರ್ತೀರೋ ಇಲ್ಲೋ, ಅದನ್ನ ಹೇಳ್ರಿ.”

“ನಾ ಬರೂದಿಲ್ಲ. ಆ ಬಾವಿ ಮೆಟ್ಟಲದ ಮ್ಯಾಲೆ ನಮ್ಮವ್ವ ಒಂದ ಸಲ ಕಾಲಿಟ್ಟಿದ್ಲು. ಆಗ ಒಗದ ಕಲ್ಲಿನ ಗುರ್ತು ಸಾಯೂತನಾ ಆಕಿ ಹಣಿ ಮ್ಯಾಲಿತ್ತು. ಅವ್ರ ಕಾಲು ಅವ್ರಿಗಿರಲಿ.”

ಅವನ ಮಾತಿಗೆ ಎದುರು ಹೇಳುವ ಹಕ್ಕು ನನಗಿರಲಿಲ್ಲ. ಮರಿಯವ್ವ ಮಾತ್ರ ಪೆಟ್ಟಿಗೆ ಎತ್ತಿಕೊಂಡಳು.

ಮೊದಲು ಹೋದದ್ದು ಶಿವನಗೌಡರ ಮನೆಗೆ. ಊರಿನ ಹಿರಿಯ, ದೊಡ್ಡ ಹೊಲದ ಒಡೆಯ. ಕೇರಿಯ ಬಹುಪಾಲು ಜನ ಅವರಲ್ಲೇ ಕೂಲಿಗೆ ಹೋಗುತ್ತಿದ್ದರು. ಮೊಣಕಾಲ ಕೆಳಗೆ ಹುಳು ಎದ್ದು ಪಡಸಾಲೆಯಲ್ಲಿ ನರಳುತ್ತಿದ್ದರು. ಮರಿಯವ್ವನನ್ನು ಕಂಡು ಒಳಗಿನಿಂದ ಗೌಡತಿ ಕೂಗಿದರು: “ಆಕಿನ್ನ ಒಳಗ ಕರೀಬ್ಯಾಡ್ರಿ ಮತ್ತ!”

ಮರಿಯವ್ವ ಹೊಸ್ತಿಲ ಹೊರಗೆ ಕಟ್ಟೆಯ ಮೇಲೆ ಕೂತಳು. “ಗೌಡ್ರ, ನನಗ ಒಳಗ ಬರೂ ಆಸೆ ಇಲ್ಲ. ನಿಮಗ ಹೊರಗ ಬರೂ ಶಕ್ತಿ ಇಲ್ಲ. ಕಾಲಷ್ಟ ಹೊರಗ ಕಳಿಸ್ರಿ.”

ಗೌಡರು ನೋವಿನಲ್ಲೂ ನಕ್ಕುಬಿಟ್ಟರು. ತೆವಳಿಕೊಂಡು ಬಾಗಿಲಿಗೆ ಬಂದು ಕಾಲನ್ನು ಹೊಸ್ತಿಲಾಚೆ ಚಾಚಿದರು. ಮನುಷ್ಯ ಒಳಗೆ, ಕಾಲು ಹೊರಗೆ. ನಾನು ತೋರಿಸಿದಂತೆ ಅವಳು ತೊಳೆದು, ಸುತ್ತಿ, ಪಟ್ಟಿ ಕಟ್ಟಿದಳು.

ಗೌಡರು ಮಾಡಿದ್ದನ್ನು ಊರು ಮಾಡಿತು. ಬೆಳಿಗ್ಗೆ ಆ ಓಣಿಯಲ್ಲಿ ಸೈಕಲ್ ತಳ್ಳಿಕೊಂಡು ಹೋದರೆ ಬಾಗಿಲು ಬಾಗಿಲಿಗೆ ಒಂದೊಂದು ಕಾಲು ಹೊರಗೆ ಚಾಚಿರುತ್ತಿತ್ತು. ಮುಖ ಕಾಣುತ್ತಿರಲಿಲ್ಲ. ಮರಿಯವ್ವ ಕಾಲು ನೋಡಿಯೇ ಹೆಸರು ಹಿಡಿದು ಮಾತಾಡಿಸುತ್ತಿದ್ದಳು. ಕೆಲದಿನಗಳಲ್ಲಿ ಕೇರಿಯ ಇನ್ನಿಬ್ಬರು ಹೆಂಗಸರು ಜೊತೆಯಾದರು. ಬಿಸಿಲೇರಿದರೆ ಗಾಯಕ್ಕೆ ನೊಣ ಮುತ್ತುತ್ತವೆ, ಹಾಗಾಗಿ ಕೆಲಸ ಮುಂಜಾನೆಯೇ ಮುಗಿಯಬೇಕು. ಭಾನುವಾರವೂ ಬಿಡುವಿಲ್ಲ.

ಪಟ್ಟಿ ಕಟ್ಟುವುದು ಬಂದ ರೋಗಕ್ಕೆ. ಬರುವ ರೋಗ ಬಾವಿಯಲ್ಲಿ ತಯಾರಾಗುತ್ತಿತ್ತು. ನೀರು ತಳ ಕಂಡಿರುವ ಆ ಕೆಲವು ವಾರಗಳಲ್ಲೇ, ಮಳೆಗೆ ಮೊದಲು, ಮೆಟ್ಟಿಲು ಕೀಳಬೇಕು. ಸಿಮೆಂಟು, ರಾಟೆ ಇಲಾಖೆ ಕೊಡುತ್ತದೆ, ಆಳು ಊರಿನದು. ಗೌಡರಿಗೆ ಇದನ್ನು ಹೇಳಿದೆ.

“ಆಳ ಎಲ್ಲಿಂದ ತರೂಣ್ರಿ? ಓಣಿ ತುಂಬ ಬರೇ ಕಾಲ ಬಿದ್ದಾವಲ್ಲ” ಎಂದರು.

“ಗಟ್ಟಿ ಕಾಲಿನವರು ಒಂದು ಕೇರಿ ತುಂಬ ಇದ್ದಾರೆ. ಬಾವಿಗೆ ಇಳಿಯಲು ನಿಮ್ಮ ಒಪ್ಪಿಗೆ ಇಲ್ಲ” ಎಂದೆ.

ಮರಿಯವ್ವ ಪಟ್ಟಿಯ ಗಂಟು ಹಾಕುತ್ತಿದ್ದಳು, ತಲೆ ಎತ್ತಲಿಲ್ಲ. ಗೌಡರು ಅವಳ ಕೈಯನ್ನೇ ನೋಡುತ್ತ ಕೂತರು. ಕಡೆಗೆ ಹೇಳಿದರು: “ದಿನಾ ನನ್ನ ಕಾಲ ಮುಟ್ಟತಾಳ, ನನಗ ಏನೂ ಆಗಿಲ್ಲ. ಬಾವಿ ನನಕಿಂತ ದೊಡ್ಡದೇನು? ಇಳೀಲಿ. ಆದ್ರ ಕೆಲಸ ಮುಗದ ಮ್ಯಾಲೆ ಬಾವಿ ಶುದ್ಧ ಮಾಡಸ್ತೇವಿ. ಊರ ಬಾಯಿ ಮುಚ್ಚಬೇಕಲ್ರಿ.”

ಈ ಮಾತನ್ನು ನಾನೇ ಯೋಸೇಫಪ್ಪನಿಗೆ ಮುಟ್ಟಿಸಿದೆ. ಅವನ ಕಣ್ಣು ಕೆಂಪಾದವು. “ನಾವು ಕಟ್ಟೂದು, ಅವ್ರು ತೊಳ್ಯೂದು! ಹಿಂಗನ್ನಾಕ ನಿಮಗ ಬಾಯಿ ಹೆಂಗ ಬಂತ್ರಿ?”

ಅಸ್ಪೃಶ್ಯತೆಯ ವಿರುದ್ಧ ಕಾಯ್ದೆ ಬಂದು ಮೂರು ವರ್ಷವಾಗಿದೆ, ಬೇಕಾದರೆ ವರದಿ ಬರೆಯುತ್ತೇನೆ ಎಂದೆ.

“ನೀವು ಬರದ ಸಿಂದಗಿಗೆ ಹೊಕ್ಕೀರಿ. ಮರುದಿನ ಅವ್ರ ಹೊಲದಾಗ ಕೂಲಿ ಕೇಳಾಕ ಹೋಗವ್ರು ನಾವು” ಎಂದು ಒಳಗೆ ಹೋದ.

ಆ ಭಾನುವಾರ ಅವನು ಎಂದಿನಂತೆ ಪ್ರಾರ್ಥನೆಗೆ ನಿಂತ. ದೀರ್ಘ ಪ್ರಾರ್ಥನೆ. ನಡುವೆ ಮರಿಯವ್ವ ಕಿಟಕಿಯ ಬಿಸಿಲು ನೋಡಿದಳು, ಪೆಟ್ಟಿಗೆ ಎತ್ತಿಕೊಂಡು ಸದ್ದಿಲ್ಲದೆ ಹೊರಟಳು. ಇಬ್ಬರು ಹೆಂಗಸರು ಹಿಂದೆ ಹೋದರು. ಯೋಸೇಫಪ್ಪ ಆಗ ಸರಿಯಾಗಿ “ನಮ್ಮ ಕೇರಿಯನ್ನು ಈ ನಾರಿನಿಂದ” ಎಂಬಲ್ಲಿಗೆ ಬಂದಿದ್ದ. ಅಲ್ಲಿಗೇ ಮಾತು ನಿಂತಿತು. ನಾವು ಕಣ್ಣು ತೆರೆದು ನೋಡಿದೆವು. ಅವನು ತೆರೆದ ಬಾಗಿಲನ್ನು ನೋಡುತ್ತಿದ್ದ. ಆ ವಾಕ್ಯವನ್ನು ಮುಗಿಸಲೇ ಇಲ್ಲ. ಆಮೆನ್ ಎಂದು ಕೂತುಬಿಟ್ಟ.

ಹೊರಗೆ ಬಂದ ಮೇಲೆ ನನಗೆ ಹೇಳಿದ: “ಗೌಡ್ರಿಗೆ ಹೇಳ್ರಿ. ಕಟ್ಟತೇವಿ. ಬೇಕಾದಂಗ ಶುದ್ಧ ಮಾಡ್ಕೊಳ್ಳಿ. ಆದ್ರ ಕಟ್ಟಿದ ಬಾವ್ಯಾಗ ಮೊದಲನೇ ಕೊಡಾ ನನ್ನ ಹೇಣ್ತಿ ಸೇದತಾಳ. ಇದಕ್ಕ ಹೂಂ ಅಂದ್ರ ನಾಳೆ ಹಾರಿ ಹಿಡೀತೇನಿ.”

ಗೌಡರು ಯೋಚಿಸಲು ಒಂದು ರಾತ್ರಿ ಕೇಳಿದರು. ಮರುದಿನ ಹೂಂ ಎಂದರು.

ಯೋಸೇಫಪ್ಪ ಬಾವಿಯ ಮೊದಲ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತಿದ್ದ. ಆಮೇಲೆ ಕೆಳಗಿಳಿದು, ಅದೇ ಕಲ್ಲಿಗೆ ಮೊದಲ ಹಾರೆ ಹಾಕಿದ. ಕೇರಿಯ ಗಂಡಸರೆಲ್ಲ ದುಡಿದರು. ಆ ನೀರನ್ನು ಕುಡಿಯದಂತೆ ನಾನು ಕಟ್ಟುನಿಟ್ಟು ಮಾಡಿದ್ದೆ. ಕೇರಿಯ ಬಾವಿಯಿಂದ ನೀರು ಹೊತ್ತು ತರುತ್ತಿದ್ದರು. ಕಟ್ಟೆ ಮುಗಿದು ರಾಟೆ ಕೂತ ಮೇಲೆ ಎರಡು ಮಳೆ ಬಂದವು.

ಮೊದಲ ಕೊಡದ ದಿನ ಗೌಡರು ಕೋಲೂರಿಕೊಂಡು ಬಂದರು. ಅವರು ಪೂರ್ತಿ ಹೊರಗೆ ಬಂದದ್ದನ್ನು ಆ ಬೇಸಿಗೆಯಲ್ಲಿ ಅದೇ ಮೊದಲು ನೋಡಿದೆ. ನಾನು ಬ್ಲೀಚಿಂಗ್ ಪೌಡರ್ ಕಲಸಿ ಬಾವಿಗೆ ಸುರಿದೆ, ಘಾಟು ಎದ್ದಿತು. ಔಷಧ ಕೆಲಸ ಮಾಡುವಷ್ಟು ಹೊತ್ತು ಎಲ್ಲರೂ ಕಾದರು. ಮರಿಯವ್ವ ಹಗ್ಗ ಇಳಿಬಿಟ್ಟು ಕೊಡ ಸೇದಿ ಕಟ್ಟೆಯ ಮೇಲಿಟ್ಟಳು. ಶುದ್ಧಿಯ ಸಾಮಾನು ಹಿಡಿದುಕೊಂಡು ಊರಿನ ಪೂಜೆ ನಡೆಸುವ ಐನಾರು ಪಕ್ಕದಲ್ಲೇ ನಿಂತಿದ್ದರು.

ಗೌಡರು ಮೂಗು ಮುಚ್ಚಿಕೊಂಡು ಅವರಿಗೆ ಹೇಳಿದರು: “ಸಾಹೇಬ್ರು ಹಾಕಿದ್ದ ವಾಸನಿ ನೋಡ್ರಿ, ಒಳಗಿನ ದೆವ್ವ ಸೈತ ಓಡಿ ಹೋಗಿರಬೇಕು. ಇದರ ಮ್ಯಾಲೆ ಇನ್ನೇನ ಶುದ್ಧ ಮಾಡ್ತೀರಿ? ನಡೀರಿ ಮನೀಗೆ.” ಜನ ನಕ್ಕರು. ಶುದ್ಧಿ ಅಲ್ಲಿಗೇ ಮುಗಿಯಿತು.

ಆ ತಿಂಗಳು ಬಂದ ಪಾದ್ರಿಯವರು, ಆರಾಧನೆ ಮೊದಲಿಗಿಂತ ಚಿಕ್ಕದಾಗಿದೆಯಲ್ಲ ಎಂದು ಯೋಸೇಫಪ್ಪನನ್ನು ಕೇಳಿದರು. ಆಗ ಪಟ್ಟಿಯ ಪೆಟ್ಟಿಗೆ ಅವನ ಕೈಯಲ್ಲಿತ್ತು. “ಅರ್ಧಾ ಇಲ್ಲಿ ಮಾಡ್ತೇವ್ರಿ ಅಯ್ಯಾವ್ರ, ಉಳದರ್ಧಾ ಓಣ್ಯಾಗ” ಎಂದ.

ಇಲ್ಲಿಗೆ ಮುಗಿದಿದ್ದರೆ ಇದು ಸುಲಭದ ಕಥೆಯಾಗುತ್ತಿತ್ತು. ಮರುವರ್ಷದ ಬೇಸಿಗೆಯಲ್ಲಿ ಮತ್ತೆ ಹುಳು ಎದ್ದಿತು. ಹಿಂದಿನ ವರ್ಷ ಬಾವಿಗೆ ಕಟ್ಟೆ ಕಟ್ಟುವ ಮೊದಲು ಕುಡಿದ ನೀರಿನ ಫಲ ಅದು. ಹೀಗಾಗುತ್ತದೆ ಎಂದು ಮೊದಲೇ ಹೇಳಿದ್ದೆ. ನೋವಿನಲ್ಲಿದ್ದವರಿಗೆ ಅದು ನೆನಪಿರಲಿಲ್ಲ. ಕಿರಿಸ್ತಾನರು ಮುಟ್ಟಿದ್ದಕ್ಕೆ ಬಾವಿ ಮುನಿದಿದೆ ಎಂಬ ಮಾತು ಹಬ್ಬಿತು. ಕೆಲವರು ಕೇರಿಯವರನ್ನು ಕೂಲಿಗೆ ಕರೆಯುವುದನ್ನು ನಿಲ್ಲಿಸಿದರು. ಕೇರಿಯ ಹುಡುಗರು ಸಿಟ್ಟಾಗಿ, ಇನ್ನು ಯಾರ ಕಾಲನ್ನೂ ಮುಟ್ಟಬೇಡಿ ಎಂದರು. ಯೋಸೇಫಪ್ಪ ಮರುದಿನ ಮುಂಜಾನೆ ಹೆಂಡತಿಯ ಜೊತೆ ಓಣಿಗೆ ಹೋದ. ತನಗೆ ಬೈದ ಮನೆಯ ಮುಂದೆಯೂ ಕೂತು, ಕಾಲು ಹೊರಗೆ ಬರುವ ತನಕ ಕಾದ. ಬಂತು.

ಗೌಡರು ಚಾವಡಿಯಲ್ಲಿ ಹೇಳಿದರಂತೆ: “ಈ ಹುಳ ಹ್ವಾದ ವರ್ಷದ ನೀರಿಂದು. ಬರೂ ಬ್ಯಾಸಗಿ ನೋಡೂಣು. ಆಗೂ ಎದ್ರ ಸಾಹೇಬ್ರ ಸೈಕಲ್ಲಾ ಕಸಗೊಂಡ ಕೇಳೂಣು.”

ಆ ವರ್ಷವಿಡೀ ನನಗೆ ನೆಮ್ಮದಿ ಇರಲಿಲ್ಲ. ನನ್ನ ಪಾಠ ತಪ್ಪಾದರೆ ನನಗೆ ಇನ್ನೊಂದು ತಾಲೂಕು ಸಿಗುತ್ತಿತ್ತು. ಕೇರಿಯವರಿಗೆ ಇನ್ನೊಂದು ಊರು ಸಿಗುತ್ತಿರಲಿಲ್ಲ.

೧೯೬೦ರ ಬೇಸಿಗೆ ಬಂತು. ಇಂಡಿಗೆ ನನ್ನ ವರ್ಗವಾಗಿತ್ತು. ಹೊರಡುವ ಮೊದಲು ಒಂದು ಭಾನುವಾರ ಹೋದೆ. ಆರಾಧನೆ ಮುಗಿಸಿ ಮರಿಯವ್ವನೊಂದಿಗೆ ಓಣಿಯುದ್ದಕ್ಕೂ ನಡೆದೆ. ಬಾಗಿಲುಗಳೆಲ್ಲ ತೆರೆದಿದ್ದವು. ಒಂದು ಕಾಲೂ ಹೊರಗೆ ಚಾಚಿರಲಿಲ್ಲ. ಗಂಡಸರು ಹೊಲ ಹರಗಲು ಹೋಗಿದ್ದರು. ಬಿಚ್ಚುವ ಪಟ್ಟಿ ಇಲ್ಲದಿದ್ದರೂ ಮರಿಯವ್ವ ಪೆಟ್ಟಿಗೆ ತಂದಿದ್ದಳು.

ಗೌಡರ ಕಟ್ಟೆಯ ಮೇಲೆ ಕೂತೆವು. ಗೌಡತಿ ಚಹಾ ತಂದುಕೊಟ್ಟರು. ಸರ್ಕಾರಿ ಮನುಷ್ಯನಾದ ನನಗೆ ಹಿತ್ತಾಳೆಯ ಲೋಟ, ಮರಿಯವ್ವನಿಗೆ ಮೂಲೆಯಲ್ಲಿ ಬೇರೆಯಾಗಿ ಇಟ್ಟಿದ್ದ ಕಪ್ಪು. ಕುಡಿದ ಮೇಲೆ ಅದನ್ನು ಅವಳೇ ತೊಳೆದು ಅದೇ ಮೂಲೆಯಲ್ಲಿಟ್ಟಳು. ನನ್ನ ಮುಖ ಹೇಗಾಯಿತೋ ಏನೋ, ದಾರಿಯಲ್ಲಿ ಅವಳೇ ಮಾತು ತೆಗೆದಳು.

“ಮಾರಿ ಯಾಕ ಸಣ್ಣದ ಮಾಡ್ಕೊಂಡೀರಿ ಸಾಹೇಬ್ರ? ನೀವ ಹೇಳಿಲ್ಲೇನ್ರಿ, ಬಾವಿ ಕಟ್ಟಿದ ಮ್ಯಾಲೂ ಹಳೇ ನೀರಿನ ಹುಳ ಒಂದ ಬ್ಯಾಸಗಿ ಏಳತೈತಿ ಅಂತ. ಇದೂ ಹಳೇ ನೀರಿಂದೇ ಐತಿ. ಏಳಲಿ. ನಾವು ಬರೂದು ಬಿಡಬಾರದು, ಅಷ್ಟ.”

ನಾನು ಮೂವತ್ತಕ್ಕೂ ಹೆಚ್ಚು ವರ್ಷ ಆ ಇಲಾಖೆಯಲ್ಲಿ ದುಡಿದೆ. ಇಂದು ಮಾಡಿದ ಕೆಲಸದ ಫಲವನ್ನು ನಾಳೆ ಬೆಳಿಗ್ಗೆಯೇ ಹುಡುಕಬಾರದು, ಹಾಗೆಂದು ನಾಳೆ ಬೆಳಿಗ್ಗೆ ಮನೆಯಲ್ಲಿ ಕೂರಲೂ ಬಾರದು ಎಂಬುದನ್ನು ನಾನು ಕಲಿತದ್ದು ಆ ಓಣಿಯಲ್ಲಿ. ಇಂಡಿಗೆ ಹೋದ ಮೇಲೆ, ಅಲ್ಲಿ ಆರಾಧನೆಗೆ ಸೇರುತ್ತಿದ್ದವರು ಮೊದಲ ಭಾನುವಾರ ನನಗಾಗಿ ಕುರ್ಚಿ ತಂದಿಟ್ಟರು. ಬಾಗಿಲ ಬಳಿ ಚಾಪೆಯ ಮೇಲೆ ಕೂತೆ. ಅಲ್ಲಿಂದ ಎದ್ದು ಹೊರಡುವುದು ಸುಲಭ.