ಮಣೆಯ ಮೇಲಿಟ್ಟ ಸ್ಕೇಟು

ಆಗಿನ್ನೂ ಕ್ಯಾಲಿಫೋರ್ನಿಯಾದ ಸರಟೋಗಾದಲ್ಲಿ ನಮ್ಮ ಬೀದಿಯ ಕೊನೆಯಲ್ಲಿ ಹತ್ತಾರು ಏಪ್ರಿಕಾಟ್ ಮರಗಳಿದ್ದವು. ಶಾಲೆಯಿಂದ ಬಂದವರೇ ನಾವು ಮಕ್ಕಳೆಲ್ಲ ಬೀದಿಗಿಳಿದು ಟೆನಿಸ್ ಚೆಂಡಿನಲ್ಲಿ ಹಾಕಿ ಆಡುತ್ತಿದ್ದೆವು. ಕಾರು ಬಂದರೆ ಒಬ್ಬರು "ಕಾರ್!" ಎಂದು ಕೂಗಬೇಕು. ಆ ಕೂಗುವ ಕೆಲಸ ಯಾವಾಗಲೂ ನನ್ನದು, ಯಾಕೆಂದರೆ ನನಗೆ ಆಟ ಬರುತ್ತಿರಲಿಲ್ಲ. ನನ್ನ ತಂಗಿ ಸ್ಮಿತಾಗೆ ಬರುತ್ತಿತ್ತು. ನನಗಾಗ ಹನ್ನೆರಡು, ಅವಳಿಗೆ ಹತ್ತು.

ಪಕ್ಕದ ಮನೆಯಲ್ಲಿ ಬರ್ಟ್ ತಾತ ಇದ್ದರು, ಎಂಬತ್ತು ದಾಟಿದ ಕೆನಡಾದವರು. ಹಿರಿಯರನ್ನು ಬರೀ ಹೆಸರು ಹಿಡಿದು ಕರೆಯಲು ಮೈಸೂರಿನ ನಮ್ಮಮ್ಮನಿಗೆ ಬಾಯಿ ಬರದೆ 'ತಾತ' ಸೇರಿಕೊಂಡಿತ್ತು. ಐಸ್ ಹಾಕಿ ಆಡಿದರೆ ಸಂಬಳ ಕೊಡುತ್ತಾರೆ ಎನ್ನುವುದೇ ಜನಕ್ಕೆ ಹೊಸದಾಗಿದ್ದ ಕಾಲದಲ್ಲಿ ಅವರು ಸಂಬಳಕ್ಕೆ ಆಡಿದವರು. ಮುಖಕ್ಕೆ ಏನನ್ನೂ ಕಟ್ಟಿಕೊಳ್ಳದೆ ಗೋಲು ಕಾಯುತ್ತಿದ್ದರಂತೆ. ಮುಂದಿನ ನಾಲ್ಕು ಹಲ್ಲುಗಳು ಆಟದಲ್ಲೇ ಹೋಗಿದ್ದವು. ಅಮ್ಮ ಕೊಟ್ಟ ಕೋಡುಬಳೆಯನ್ನು ಕಾಫಿಯಲ್ಲಿ ನೆನೆಸಿ ತಿನ್ನುತ್ತಿದ್ದರು.

ಅವರ ಗರಾಜಿನಲ್ಲಿ ಸ್ಕೇಟಿನ ಬ್ಲೇಡು ಹರಿತ ಮಾಡುವ ಸಾಣೆಯಂತ್ರವಿತ್ತು. ಕಿಡಿ ಹಾರಿದಾಗ ಕಾದ ಕಬ್ಬಿಣದ ವಾಸನೆ, ಅದರ ಜೊತೆ ಎಣ್ಣೆ ಮತ್ತು ಹಳೆಯ ಚರ್ಮದ ವಾಸನೆ. ನಾನು ಬಣ್ಣದ ಡಬ್ಬವೊಂದರ ಮೇಲೆ ಕೂತು ನೋಟ್‌ಬುಕ್ಕಿನಲ್ಲಿ ಅವರ ಜೀವನಚರಿತ್ರೆ ಬರೆದುಕೊಳ್ಳುತ್ತಿದ್ದೆ. ಗೋಧಿ ಹೊಲಗಳ ನಡುವಿನ ಊರು, ಹೆಪ್ಪುಗಟ್ಟಿದ ಹೊಳೆಯ ಮೇಲೆ ಕಲಿತ ಆಟ, ಹತ್ತೊಂಬತ್ತಕ್ಕೆ ತಂಡ ಸೇರಿದ್ದು. ಚಳಿಗಾಲವಿಡೀ ರೈಲಿನಲ್ಲಿ ಕೂತೇ ನಿದ್ದೆ, ಬೇಸಿಗೆಯಲ್ಲಿ ಅದೇ ರೈಲಿನ ಹಳಿ ಹಾಸುವ ಕೂಲಿ. ಆರನೇ ಚಳಿಗಾಲದಲ್ಲಿ ಮಂಡಿ ಮುರಿದು ಆಟ ಮುಗಿಯಿತು. ಆಮೇಲೆ ಕ್ಯಾಲಿಫೋರ್ನಿಯಾಕ್ಕೆ ಬಂದು, ನಮ್ಮೂರ ಹತ್ತಿರದ ರಿಂಕಿನಲ್ಲಿ, ಅಂದರೆ ಸ್ಕೇಟು ಕಟ್ಟಿ ಜಾರುವ ಐಸಿನ ಅಂಗಳದಲ್ಲಿ, ಮುದುಕರಾಗುವವರೆಗೂ ಐಸು ನೋಡಿಕೊಳ್ಳುವ ಕೆಲಸ ಮಾಡಿದರು.

ಒಂದು ಸಂಗತಿ ಮಾತ್ರ ನನಗೆ ಸಿಗಲಿಲ್ಲ. ಅವರಿಗಿಂತ ಚೆನ್ನಾಗಿ ಆಡುತ್ತಿದ್ದವನು ಅವರ ಅಣ್ಣ. ತಂಡದವರು ಊರಿಗೆ ಬಂದು ಹುಡುಗರನ್ನು ಆರಿಸಿದ ದಿನ ಅಣ್ಣ ಆಡಲಿಲ್ಲ, ಇವರು ಆಯ್ಕೆಯಾದರು. "ಅಣ್ಣ ಯಾಕೆ ಆಡಲಿಲ್ಲ?" ಎಂದು ಕೇಳಿದಾಗಲೆಲ್ಲ ತಾತ ಸಾಣೆಯಂತ್ರ ಚಾಲೂ ಮಾಡಿಬಿಡುತ್ತಿದ್ದರು. ಆ ಪುಟವನ್ನು ಅರ್ಧ ಖಾಲಿ ಬಿಟ್ಟಿದ್ದೆ.

ಇಷ್ಟು ಬರೆದುಕೊಂಡರೂ ಅವರು ಒಮ್ಮೆಯೂ ನನ್ನ ನೋಟ್‌ಬುಕ್ಕನ್ನು ಕೇಳಿ ನೋಡಲಿಲ್ಲ. ಸ್ಮಿತಾ ರಿಂಕಿನಲ್ಲಿ ಹಿಂದುಹಿಂದಕ್ಕೆ ಒಂದು ಸುತ್ತು ಜಾರಿದರೆ ಸಾಕು, ಮುರಿದ ಮಂಡಿಯಲ್ಲೇ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಮುಚ್ಚುಮರೆಯೇನು, ನನಗೆ ಹೊಟ್ಟೆಯೆಲ್ಲ ಉರಿಯುತ್ತಿತ್ತು. ಅವಳಿಗೆ ಜ್ವರ ಬರಲಿ ಎಂದು ದೇವರ ಮುಂದೆ ನಿಂತು ಬೇಡಿಕೊಂಡಿದ್ದೇನೆ. ಜ್ವರ ಬಂದದ್ದು ನನಗೆ.

ಆ ವರ್ಷದ ಅಕ್ಟೋಬರಿನಲ್ಲಿ ಮಕ್ಕಳ ತಂಡಕ್ಕೆ ಆಯ್ಕೆ ಇತ್ತು, ಶನಿವಾರ ಮಧ್ಯಾಹ್ನ. ಹಿಂದಿನ ಸಂಜೆ ತಾತ ಸ್ಮಿತಾಳ ಸ್ಕೇಟುಗಳನ್ನು ತಾವೇ ಹರಿತ ಮಾಡಿ ತಂದರು. ಜೊತೆಗೆ ಗರಾಜಿನ ಮೊಳೆಗೆ ನೇತುಹಾಕಿದ್ದ ತಮ್ಮ ಹಳೆಯ ಸ್ಕೇಟುಗಳನ್ನೂ ಅವಳ ಕೈಗೆ ಕೊಟ್ಟು, "ನಿನ್ನ ಕಾಲು ಇಷ್ಟುದ್ದ ಆದಾಗ ಹಾಕಿಕೋ" ಎಂದರು. ಅದರ ಕಥೆಯನ್ನು ಹನ್ನೊಂದು ಪುಟ ಬರೆದವಳು ನಾನು. ಅವಳಿಗೆ ಅದು ಯಾವ ಕಾಲದ್ದೆಂದೂ ಗೊತ್ತಿರಲಿಲ್ಲ.

ಆ ಶನಿವಾರವೇ ಆಯುಧಪೂಜೆ. ಅಮ್ಮ ನಡುಮನೆಯಲ್ಲಿ ದೊಡ್ಡ ಮಣೆ ಹಾಕಿ ಈಳಿಗೆ, ಕತ್ತರಿ, ಅಪ್ಪನ ಸ್ಪ್ಯಾನರು, ಆಫೀಸಿನ ಕ್ಯಾಲ್ಕುಲೇಟರು ಜೋಡಿಸಿದ್ದರು. ನಮ್ಮ ಮನೆಯಲ್ಲಿ ಒಂದು ಕಟ್ಟುನಿಟ್ಟು: ಪೂಜೆಯಾದ ಮೇಲೆ ಮಣೆಯ ಮೇಲಿನದನ್ನು ಯಾರೂ ಮುಟ್ಟುವಂತಿಲ್ಲ, ಮರುದಿನ ಬೆಳಿಗ್ಗೆ ಮತ್ತೆ ಪೂಜೆ ಮಾಡಿಯೇ ತೆಗೆಯಬೇಕು. ಸ್ಮಿತಾ ಸ್ನಾನಕ್ಕೆ ಹೋದಾಗ ನಾನು ಎರಡೂ ಜೊತೆ ಸ್ಕೇಟುಗಳನ್ನು ತಂದು ಮಣೆಯ ಮೇಲಿಟ್ಟೆ.

"ಅಮ್ಮಾ, ಇದೂ ಆಯುಧಾನೇ ಅಲ್ವಾ?"

"ಎಷ್ಟು ಚೆನ್ನಾಗಿ ಯೋಚನೆ ಮಾಡಿದೀಯ ಪುಟ್ಟಿ!" ಹೋಳಿಗೆಯ ಗಡಿಬಿಡಿಯಲ್ಲಿ ಅಮ್ಮನಿಗೆ ಆಯ್ಕೆಯ ಮಾತೇ ಮರೆತುಹೋಗಿತ್ತು. ಬ್ಲೇಡುಗಳಿಗೆ ಕುಂಕುಮ ಹಚ್ಚಿ, ಚೆಂಡುಹೂವಿಟ್ಟು, ಮಂಗಳಾರತಿ ಎತ್ತಿದರು.

ಊಟವಾದ ಮೇಲೆ ಸ್ಮಿತಾ ಕಿರುಚಿದಳು. "ಅಮ್ಮಾ, ಐ ನೀಡ್ ಮೈ ಸ್ಕೇಟ್ಸ್! ಟುಡೇ!"

"ಅಯ್ಯೋ, ಮಂಗಳಾರತಿ ಆಗೋಯ್ತಲ್ಲೇ. ಇನ್ನು ನಾಳೆ ಬೆಳಿಗ್ಗೇನೇ."

"ಬಟ್ ಅಪ್ಪ ಕಾರ್ ತಗೊಂಡ್ ಹೋಗ್ತಾರೆ! ಅದಕ್ಕೂ ಪೂಜೆ ಮಾಡಿದೀರ!"

"ಕಾರು ನಿಂಬೆಹಣ್ಣಿನ ಮೇಲೆ ಹೋಗ್ಲೇಬೇಕು. ಮಣೆ ಮೇಲಿಟ್ಟಿದ್ದೇ ಬೇರೆ."

ಅಷ್ಟರಲ್ಲಿ ಅವಳನ್ನು ಕರೆದೊಯ್ಯಲು ತಾತ ಬಂದರು. ಮಣೆಯನ್ನು ನೋಡಿ ಟೋಪಿ ತೆಗೆದು ನಿಂತುಬಿಟ್ಟರು. ಅವಳ ಅಳು ನೋಡಲಾರದೆ ಅಮ್ಮನೇ ಸೋತು, ಹಿರಿಯರಾದ ನೀವು ಹೇಳಿದರೆ ತೆಗೆದುಕೊಡುತ್ತೇನೆ ಎಂದರು.

"ಇವನ್ನು ಇಲ್ಲಿಟ್ಟವರು ಯಾರು?" ತಾತ ಕೇಳಿದರು.

"ಷಿ ಡಿಡ್!" ಸ್ಮಿತಾ ನನ್ನತ್ತ ಬೆರಳು ತೋರಿಸಿದಳು.

ತಾತ ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹತ್ತಿರ ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು. "ಇವಕ್ಕೆ ಇಷ್ಟು ವರ್ಷದಲ್ಲಿ ಯಾರೂ ಹೂವಿಟ್ಟಿರಲಿಲ್ಲ. ಇರಲಿ, ಮುಟ್ಟುವುದು ಬೇಡ" ಎಂದರು. ನಾನು ಗೆದ್ದೆ ಅಂದುಕೊಂಡೆ.

ಸ್ಮಿತಾ ರಿಂಕಿನ ಬಾಡಿಗೆಯ ಮೊಂಡು ಸ್ಕೇಟು ಹಾಕಿಕೊಂಡು ಆಡಿದಳು. ತಿರುವಿನಲ್ಲಿ ಮೂರು ಸಲ ಬಿದ್ದಳು. ಅವಳನ್ನು ಆರಿಸಲಿಲ್ಲ. ಇನ್ನೊಂದು ವರ್ಷ ಹೋಗಿ ಬಂದು ಮಾಡಿ ಆಟವನ್ನೇ ಬಿಟ್ಟಳು. ಆಯ್ಕೆ ನಡೆದ ಮರುವಾರ ತಾತ ತಾವಾಗಿಯೇ ನನ್ನ ನೋಟ್‌ಬುಕ್ಕು ಕೇಳಿ, ಕನ್ನಡಕ ಹಾಕಿಕೊಂಡು ಓದಿದರು. ಅರ್ಧ ಖಾಲಿ ಪುಟಕ್ಕೆ ಬಂದಾಗ ಮುಚ್ಚಿ ಹಿಂದಕ್ಕೆ ಕೊಟ್ಟರು. ಮರುವರ್ಷ ಅವರ ಮಗಳು ಬಂದು ಅವರನ್ನು ವಾಲ್ನಟ್ ಕ್ರೀಕಿನ ತನ್ನ ಮನೆಗೆ ಕರೆದುಕೊಂಡು ಹೋದಳು. ಅಲ್ಲೇ ತೀರಿಕೊಂಡರು.

ಈಗ ಏಪ್ರಿಕಾಟ್ ಮರಗಳಿದ್ದಲ್ಲಿ ನಾಲ್ಕು ದೊಡ್ಡ ಮನೆಗಳಿವೆ. ರಿಂಕಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟು. ಬೀದಿಯಲ್ಲಿ "ಕಾರ್!" ಎಂದು ಕೂಗುವವರಿಲ್ಲ, ಆಡುವವರೇ ಇಲ್ಲ. ಸ್ಮಿತಾ ಬೇಡವೆಂದು ಬಿಟ್ಟುಹೋದ ತಾತನ ಸ್ಕೇಟುಗಳು ನನ್ನ ಹತ್ತಿರವೇ ಉಳಿದಿವೆ. ಪ್ರತಿ ವರ್ಷವೂ ಮಣೆಯ ಮೇಲಿಡುತ್ತೇನೆ.

ಕಳೆದ ಆಯುಧಪೂಜೆಗೆ ಸ್ಮಿತಾ ಬರ್ಕ್ಲಿಯಿಂದ ಬಂದಿದ್ದಳು. ಬ್ಲೇಡಿಗೆ ಕುಂಕುಮ ಹಚ್ಚುತ್ತಾ, ಏನೋ ಅಡುಗೆಯ ಮಾತಾಡುವವಳ ಹಾಗೆ ಹೇಳಿದಳು: "ಅವತ್ತು ನೀನು ಬೇಕಂತಲೇ ಇಟ್ಟಿದ್ದು ತಾತಂಗೆ ಗೊತ್ತಿತ್ತು ಕಣೆ."

"ನಿನಗೆ ಹೇಗೆ ಗೊತ್ತು?" ಎಂದೆ.

"ಅವತ್ತು ರಿಂಕಿಗೆ ಹೋಗ್ತಾ ಕಾರಲ್ಲಿ ಹೇಳಿದ್ರು. ಸೆಲೆಕ್ಷನ್ ದಿನ ಅವರಣ್ಣನ ಸ್ಕೇಟ್ಸನ್ನ ಅವರೇ ಲಾಯದ ಹುಲ್ಲಲ್ಲಿ ಬಚ್ಚಿಟ್ಟಿದ್ರಂತೆ. ಅಣ್ಣ ಸಾಯೋವರೆಗೂ ಹೇಳಕ್ಕಾಗ್ಲಿಲ್ವಂತೆ. ನಿಮ್ಮಕ್ಕ ತಾನಾಗೇ ಹೇಳ್ಲಿ, ಅಲ್ಲೀವರೆಗೂ ನೀನು ಕೇಳ್ಬೇಡ ಅಂದ್ರು."

"ಮತ್ತೆ?"

"ಮತ್ತೇನು, ಕಾಯ್ತಾ ಇದ್ದೆ. ಮೂವತ್ತು ವರ್ಷ ಆಯ್ತು."

ತಪ್ಪಾಯಿತು ಎನ್ನಬೇಕಿತ್ತು. ನನ್ನ ಬಾಯಿಂದ ಬಂದದ್ದು, "ನಿನಗ್ಯಾಕೆ ಹೇಳಿದ್ರು?"

ಸ್ಮಿತಾ ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ನೋಟ್‌ಬುಕ್ಕಿನ ಆ ಅರ್ಧ ಪುಟ ಇನ್ನೂ ಖಾಲಿಯಿದೆ. ತಾತ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಬಲ್ಲವಳು ಅವಳೊಬ್ಬಳೇ. ಅದಕ್ಕೆ ಪೆನ್ನನ್ನು ಅವಳ ಕೈಗೆ ಕೊಡಬೇಕು, ನನಗಿನ್ನೂ ಮನಸ್ಸು ಬಂದಿಲ್ಲ.